ಹಾಸನ ಜಿಲ್ಲೆಯಲ್ಲಿ ಅರಿವಳಿಕೆ ಮತ್ತು ತೀವ್ರನಿಗಾ ತರಬೇತಿ

ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ನೋವನ್ನು ಅಡಗಿಸಿ ಉಸಿರು, ನಾಡಿ, ರಕ್ತದೊತ್ತಡಗಳನ್ನು ಕಾಯುವ ವಿದ್ಯೆ ಅರಿವಳಿಕೆ ಶಾಸ್ತ್ರ. ಅದೇ ಕಾವಲನ್ನು ಶಸ್ತ್ರಚಿಕಿತ್ಸಾ ಕೊಠಡಿಯಿಂದ (ಒಟಿ) ಆಚೆಗೆ, ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಮುಂದುವರಿಸುವುದು ತೀವ್ರನಿಗಾ ಚಿಕಿತ್ಸೆ. ಎರಡನ್ನೂ ವೈದ್ಯರು ಕಲಿಯುವುದು ಹಾಸಿಗೆಯ ಪಕ್ಕದಲ್ಲಿ ನಿಂತು, ಹಿರಿಯರ ಕಣ್ಣಳತೆಯಲ್ಲಿ. ಹಾಸನ ಜಿಲ್ಲೆಯಲ್ಲಿ ಈ ಕಲಿಕೆಗೆ ಎರಡು ನೆಲೆಗಳಿವೆ. ಒಂದು, ಜಿಲ್ಲಾ ಕೇಂದ್ರದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಮತ್ತು ಅದನ್ನು ಬೋಧನಾಸ್ಪತ್ರೆಯಾಗಿ ಪಡೆದಿರುವ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ‘ಹಿಮ್ಸ್’. ಇನ್ನೊಂದು, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳ ತಾಲ್ಲೂಕು ಆಸ್ಪತ್ರೆಗಳು. ಮೊದಲನೆಯದು ವಿದ್ಯೆಯ ವಿಸ್ತಾರವನ್ನು ಕಲಿಸುತ್ತದೆ. ಎರಡನೆಯದು ಕಲಿಸುವುದು ಒಂದೇ ಪ್ರಶ್ನೆಗೆ ಉತ್ತರ ಕೊಡುವುದನ್ನು: ಈ ರೋಗಿಯನ್ನು ಇಲ್ಲೇ ಉಳಿಸಿಕೊಳ್ಳಬಹುದೇ, ಕಳಿಸಬೇಕೇ? ಜಿಲ್ಲೆಯ ತರಬೇತಿಯ ತಿರುಳು ಈ ಪ್ರಶ್ನೆಯಲ್ಲಿದೆ ಎಂಬುದು ಈ ಲೇಖನದ ನಿಲುವು.

2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421, ತಾಲ್ಲೂಕುಗಳು ಎಂಟು. ಹೇಮಾವತಿಯ ದಡದ ಹೊಳೆನರಸೀಪುರ, ಅರಕಲಗೂಡು, ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ರ ಮೇಲಿನ ಚನ್ನರಾಯಪಟ್ಟಣ, ಈ ಮೂರೂ ಹಾಸನದಿಂದ ಸುಮಾರು 30ರಿಂದ 40 ಕಿ.ಮೀ. ದೂರದಲ್ಲಿವೆ. ಹಗಲಿನಲ್ಲಿ ಇದು ದೂರವೇ ಅಲ್ಲ. ರಕ್ತ ಸುರಿಯುತ್ತಿರುವ ಬಾಣಂತಿಗೆ, ಉಸಿರು ನಿಲ್ಲುತ್ತಿರುವ ಹಾವು ಕಡಿದವನಿಗೆ ಇದು ಬಹಳ ದೂರ. ಅರಕಲಗೂಡಿಗಿಂತಲೂ ಆಚೆಯ ಕೊಣನೂರು, ರಾಮನಾಥಪುರದ ಕಡೆಯಿಂದ ಬರುವವರಿಗೆ ಇನ್ನೂ ದೂರ.

ಹಿನ್ನೆಲೆ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ತೋರಿಸಿದ. ಅರ್ಧ ವರ್ಷ ತುಂಬುವ ಮೊದಲೇ, 1847ರ ಮಾರ್ಚ್‌ನಲ್ಲಿ, ಕಲ್ಕತ್ತದಲ್ಲಿ ಈಥರ್ ಬಳಕೆಗೆ ಬಂತು. ನಮಗೆ ಹತ್ತಿರದ ಹೈದರಾಬಾದಿನಲ್ಲಿ 1888 ಮತ್ತು 1889ರಲ್ಲಿ ನಿಜಾಮರ ಹಣದಿಂದ ಈಥರ್‌ನಂತೆಯೇ ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮ್ ಕುರಿತ ಎರಡು ಆಯೋಗಗಳು ನಡೆದವು. ಕ್ಲೋರೋಫಾರ್ಮ್ ಮೊದಲು ಕೊಲ್ಲುವುದು ಉಸಿರನ್ನೋ ಹೃದಯವನ್ನೋ ಎಂಬ ವಾದಕ್ಕೆ ಅವು ಉತ್ತರ ಹುಡುಕಿದವು. ಆಯೋಗ ಉಸಿರಿನ ಕಡೆ ವಾಲಿತು. ಕ್ಲೋರೋಫಾರ್ಮ್ ಹೃದಯವನ್ನೂ ನಿಲ್ಲಿಸಬಲ್ಲದು ಎಂಬುದು ಆಮೇಲೆ ಸ್ಥಿರವಾಯಿತು. ಆದರೂ ಅರಿವಳಿಕೆ ಕೊಡುವವನ ಕಣ್ಣು ರೋಗಿಯ ಉಸಿರಿನ ಮೇಲಿರಬೇಕು ಎಂಬ ಆ ಕಾಲದ ಪಾಠವನ್ನು ಇಂದಿಗೂ ಸ್ನಾತಕೋತ್ತರ (ಪಿಜಿ) ವಿದ್ಯಾರ್ಥಿಗೆ ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ.

ತೀವ್ರನಿಗಾ ಘಟಕ (ಐಸಿಯು) ಹುಟ್ಟಿದ್ದು ಅರಿವಳಿಕೆ ವೈದ್ಯರ ಕೈಯಿಂದಲೇ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ ನೂರಾರು ಜನರಿಗೆ ಉಸಿರಾಟದ ಸ್ನಾಯುಗಳು ಸೋತಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಗಂಟಲಿಗೆ ರಂಧ್ರ ಮಾಡಿಸಿ, ಟ್ಯೂಬ್ ಇಡಿಸಿ, ಚೀಲ ಒತ್ತಿ ಉಸಿರು ಕೊಡುವ ದಾರಿ ತೋರಿದ. ಸಾಕಷ್ಟು ಯಂತ್ರಗಳಿರಲಿಲ್ಲ. ಸುಮಾರು 1,500 ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ಹಗಲೂ ರಾತ್ರಿಯೂ ಕೈಯಿಂದಲೇ ಚೀಲ ಒತ್ತಿದರು. ಮರುವರ್ಷ ಅದೇ ಊರಿನಲ್ಲಿ ಇಬ್ಸೆನ್ ತೀವ್ರನಿಗಾ ಘಟಕ ತೆರೆದ. ತಾಲ್ಲೂಕು ಆಸ್ಪತ್ರೆಯಿಂದ ಹಾಸನದವರೆಗೆ ಆಂಬುಲೆನ್ಸಿನಲ್ಲಿ ಉಸಿರು ಕೊಡುವ ಚೀಲ (ಅಂಬು ಬ್ಯಾಗ್) ಒತ್ತುತ್ತ ಬರುವ ಕಿರಿಯ ವೈದ್ಯೆ ಮಾಡುವುದೂ ಆ ವಿದ್ಯಾರ್ಥಿಗಳು ಮಾಡಿದ ಕೆಲಸವನ್ನೇ.

ಭಾರತೀಯ ಅರಿವಳಿಕೆ ತಜ್ಞರ ಸಂಘ 1947ರಲ್ಲೂ ತೀವ್ರನಿಗಾ ತಜ್ಞರ ಸಂಘ 1993ರಲ್ಲೂ ಸ್ಥಾಪನೆಯಾದವು. ಹಳೇ ಮೈಸೂರು ಸೀಮೆಯ ವೈದ್ಯಶಿಕ್ಷಣ 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿನ ಸುತ್ತ ಬೆಳೆಯಿತು. ಹಾಸನಕ್ಕೆ ಸ್ವಂತ ಸರ್ಕಾರಿ ಕಾಲೇಜು ಬಂದದ್ದು 2006ರಲ್ಲಿ. ಅಲ್ಲಿಯವರೆಗೆ ಜಿಲ್ಲಾಸ್ಪತ್ರೆ ಚಿಕಿತ್ಸೆಯ ತಾಣವಾಗಿತ್ತು. ಕಾಲೇಜು ಬಂದ ಮೇಲೆ ಅದೇ ಹಾಸಿಗೆಗಳ ಪಕ್ಕ ಕಲಿಯುವವರೂ ನಿಂತರು.

ಯಾರು, ಎಷ್ಟು ಕಾಲ

ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಪ್ರತಿ ಎಂಬಿಬಿಎಸ್ ಇಂಟರ್ನಿಯೂ 52 ವಾರಗಳಲ್ಲಿ ಎರಡು ವಾರ ಅರಿವಳಿಕೆ ಮತ್ತು ತೀವ್ರನಿಗಾ ವಿಭಾಗದಲ್ಲಿ ಕಳೆಯಲೇಬೇಕು. ಎರಡೇ ವಾರ ಎನಿಸಬಹುದು. ಮುಖಕ್ಕೆ ಮಾಸ್ಕ್ ಸೋರದಂತೆ ಹಿಡಿಯುವುದು, ದವಡೆ ಮುಂದಕ್ಕೆತ್ತಿ ಉಸಿರಿನ ದಾರಿ ಬಿಡಿಸುವುದು, ಎದೆ ಒತ್ತುವುದು, ಈ ಮೂರು ಕೈಗೆ ಕೂತರೂ ಮುಂದೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೂ ಆ ಹದಿನಾಲ್ಕು ದಿನ ಯಾರದೋ ಜೀವ ಉಳಿಸುತ್ತವೆ.

ತಜ್ಞರಾಗುವ ಮುಖ್ಯ ದಾರಿ ಮೂರು ವರ್ಷದ ಎಂ.ಡಿ. ಹಿಂದೆ ಎರಡು ವರ್ಷದ ‘ಡಿ.ಎ.’ ಡಿಪ್ಲೊಮಾ ಇತ್ತು. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳ ಒಟಿಗಳನ್ನು ದಶಕಗಳ ಕಾಲ ನಡೆಸಿದವರಲ್ಲಿ ಈ ಡಿಪ್ಲೊಮಾದವರು ಬಹಳ. ವೈದ್ಯಕೀಯ ಕಾಲೇಜುಗಳು ಆ ಸೀಟುಗಳನ್ನು ಎಂ.ಡಿ.ಗೆ ಬದಲಿಸತೊಡಗಿದ ಮೇಲೆ, 2020ರಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿ ಆಸ್ಪತ್ರೆ ಆಧಾರಿತ ಎರಡು ವರ್ಷದ ಡಿಪ್ಲೊಮಾಗಳನ್ನು ತಂದಿತು. ಅವುಗಳಲ್ಲಿ ಅರಿವಳಿಕೆಯೂ ಒಂದು. ತೀವ್ರನಿಗಾದಲ್ಲಿ ಇನ್ನೂ ಮುಂದಕ್ಕೆ ಹೋಗುವವರಿಗೆ ಎಂ.ಡಿ. ನಂತರದ ಡಿ.ಎಂ. ಪದವಿ ಇದೆ.

ಹಳ್ಳಿಗಾಡಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ಧೈರ್ಯದ ಹೆಜ್ಜೆ ‘ಜೀವರಕ್ಷಕ ಅರಿವಳಿಕೆ ಕೌಶಲ’ ತರಬೇತಿ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ, ಸೇವೆಯಲ್ಲಿರುವ ಎಂಬಿಬಿಎಸ್ ವೈದ್ಯರಿಗೆ ಮೊದಲು 18 ವಾರಗಳ ಅವಧಿಗೆ ರೂಪಿಸಿದ್ದ ಇದರ ಗುರಿ ಒಂದೇ: ತುರ್ತು ಹೆರಿಗೆ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬಲ್ಲವರನ್ನು ತಯಾರಿಸುವುದು. ಹದಿನೆಂಟು ವಾರದಲ್ಲಿ ತಜ್ಞನಾಗಲು ಸಾಧ್ಯವೇ ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ತಜ್ಞರಿಲ್ಲದ ಊರಿನಲ್ಲಿ ಗರ್ಭಿಣಿಯ ಮುಂದೆ ಇದ್ದ ಆಯ್ಕೆ ತಜ್ಞ ಅಥವಾ ಅರೆತಜ್ಞ ಎಂಬುದಲ್ಲ, ಶಸ್ತ್ರಚಿಕಿತ್ಸೆ ಅಥವಾ 40 ಕಿಲೋಮೀಟರ್ ಪಯಣ ಎಂಬುದು. ಹಾಗೆ ನೋಡಿದಾಗ ಈ ತರಬೇತಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ಕಲಿಯುವವರನ್ನು ಕಾಲೇಜಿನಿಂದ ಹೊರಕ್ಕೆ ತಂದ ನಿಯಮಗಳು ಎರಡು. ಕೋರ್ಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕೆಂದ ಕರ್ನಾಟಕದ ಕಡ್ಡಾಯ ಸೇವಾ ತರಬೇತಿ ಕಾಯಿದೆ 2012ರದು. ಜಾರಿಗೆ ಬಂದದ್ದು 2015ರಲ್ಲಿ. ಕೋರ್ಸಿನ ನಡುವೆಯೇ ಹೊರಕ್ಕೆ ಕಳಿಸುವುದು 2020ರ ಸೆಪ್ಟೆಂಬರ್‌ನ ‘ಜಿಲ್ಲಾ ರೆಸಿಡೆನ್ಸಿ’ ನಿಯಮ. ಅದರಂತೆ ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು, ನಾಲ್ಕು ಅಥವಾ ಐದನೆಯ ಸೆಮಿಸ್ಟರಿನಲ್ಲಿ ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಅದನ್ನು ತೃಪ್ತಿಕರವಾಗಿ ಮುಗಿಸದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಮೊದಲು 100 ಹಾಸಿಗೆಯಾದರೂ ಇರಬೇಕೆಂದಿದ್ದ ನಿಯಮವನ್ನು 2023ರ ಹೊಸ ನಿಯಮಾವಳಿ 50ಕ್ಕೆ ಇಳಿಸಿತು. ಆ ಅಳತೆಗೆ ರಾಜ್ಯದ ದೊಡ್ಡ ತಾಲ್ಲೂಕು ಆಸ್ಪತ್ರೆಗಳೂ ಒಳಗಾಗುತ್ತವೆ. ಜಿಲ್ಲಾಸ್ಪತ್ರೆಯೇ ಕಾಲೇಜಿನ ಆಸ್ಪತ್ರೆಯಾಗಿರುವ ಹಾಸನದಂಥ ಜಿಲ್ಲೆಗೆ ಈ ಇಳಿಕೆಯ ಅರ್ಥ ದೊಡ್ಡದು.

ಜಿಲ್ಲಾ ಕೇಂದ್ರದಲ್ಲಿ

ಬೋಧನಾಸ್ಪತ್ರೆಯಲ್ಲಿ ದಿನ ಶುರುವಾಗುವುದು ಶಸ್ತ್ರಚಿಕಿತ್ಸೆಯ ಹಿಂದಿನ ದಿನದ ತಪಾಸಣೆಯಿಂದ. ಬಾಯಿ ಎಷ್ಟು ತೆರೆಯುತ್ತದೆ, ಕಿರುನಾಲಗೆ ಕಾಣುತ್ತದೆಯೇ ಎಂದು ನೋಡುವ ಅಳತೆಗೋಲು 1985ರಲ್ಲಿ ಭಾರತ ಮೂಲದ ವೈದ್ಯ ಮಲ್ಲಂಪಾಟಿ ಅವರು ಕೊಟ್ಟದ್ದು. ಕಲಿಯುವವರು ಮೊದಲು ನೋಡುತ್ತಾರೆ, ಆಮೇಲೆ ಹಿರಿಯರ ಕೈಕೆಳಗೆ ಮಾಡುತ್ತಾರೆ, ಕೊನೆಗೆ ಹಿರಿಯರು ಬಾಗಿಲ ಬಳಿ ನಿಂತಿರುವಾಗ ಒಬ್ಬರೇ ಮಾಡುತ್ತಾರೆ. ಮೂಳೆ, ಹೊಟ್ಟೆ, ಕಿವಿ-ಮೂಗು-ಗಂಟಲು, ಮಕ್ಕಳ ಶಸ್ತ್ರಚಿಕಿತ್ಸೆ ಹೀಗೆ ಒಂದೊಂದು ಟೇಬಲಿನ ಪಾಠವೂ ಬೇರೆ.

ಐಸಿಯುವಿನ ಪಾಠ ನಿಧಾನದ್ದು. ವೆಂಟಿಲೇಟರಿನಲ್ಲಿ ಪ್ರತಿ ಉಸಿರಿಗೆ ಎಷ್ಟು ಗಾಳಿ ತಳ್ಳಬೇಕೆಂಬುದನ್ನು ರೋಗಿಯ ಈಗಿನ ತೂಕ ನೋಡಿ ಲೆಕ್ಕ ಹಾಕುವಂತಿಲ್ಲ. ಎತ್ತರದಿಂದ ಬರುವ ಆದರ್ಶ ತೂಕದ ಪ್ರತಿ ಕಿಲೋಗೆ ಸುಮಾರು 6 ಮಿ.ಲೀ. ಎಂಬುದು 2000ದಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಿಂದ ನೆಲೆಗೊಂಡ ನಿಯಮ. ದಪ್ಪಗಿರುವವನ ಶ್ವಾಸಕೋಶ ದೊಡ್ಡದಾಗಿರುವುದಿಲ್ಲವಷ್ಟೆ. ಆದ್ದರಿಂದ ಟೇಪು ಹಿಡಿದು ಮಲಗಿದವರ ಎತ್ತರ ಅಳೆಯುವುದು ಹೊಸಬರಿಗೆ ಬೀಳುವ ಮೊದಲ ಕೆಲಸಗಳಲ್ಲಿ ಒಂದು. ತಲೆಯ ಕಡೆ ಹಾಸಿಗೆ 30 ಡಿಗ್ರಿ ಎತ್ತರಿಸುವುದು, ಬಾಯಿ ಶುಚಿಯಿಡುವುದು, ಪ್ರತಿ ಬೆಳಿಗ್ಗೆ ಮಂಪರಿನ ಔಷಧ ತಗ್ಗಿಸಿ ರೋಗಿ ಎಚ್ಚರಗೊಳ್ಳುತ್ತಾನೆಯೇ ನೋಡುವುದು. ಐಸಿಯುವಿನಲ್ಲಿ ಜನ ಬದುಕುವುದು ಬಹುಪಾಲು ಇಂಥ ಸಣ್ಣ ಕೆಲಸಗಳಿಂದ, ಮತ್ತು ಇವನ್ನು ಹೇಳಿಕೊಡುವವರು ಅನೇಕ ಸಲ ಅನುಭವಸ್ಥ ಸಿಸ್ಟರುಗಳು.

ತಾಲ್ಲೂಕಿನಲ್ಲಿ

ತಾಲ್ಲೂಕು ಆಸ್ಪತ್ರೆಯ ಒಟಿಗೆ ಬೀಗದ ಕೈ ಇರುವುದು ಅರಿವಳಿಕೆ ವೈದ್ಯರ ಹತ್ತಿರ. ಹೆರಿಗೆ ತಜ್ಞೆ ಇದ್ದಾರೆ, ಮಕ್ಕಳ ವೈದ್ಯರಿದ್ದಾರೆ, ಟೇಬಲ್ಲೂ ದೀಪವೂ ಇವೆ. ‘ಅನಸ್ತೇಶಿಯಾ ಡಾಕ್ಟ್ರು’ ರಜೆಯ ಮೇಲಿದ್ದರೆ ಸಿಸೇರಿಯನ್ ಹಾಸನಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ‘ಪ್ರಥಮ ರೆಫರಲ್ ಘಟಕ’ ಎಂದು ಒಂದು ಆಸ್ಪತ್ರೆಯನ್ನು ಕರೆಯಲು ಮೂರು ಸಂಗತಿ ಕೇಳುತ್ತದೆ: ದಿನದ 24 ಗಂಟೆಯೂ ತುರ್ತು ಹೆರಿಗೆ ಶಸ್ತ್ರಚಿಕಿತ್ಸೆ, ನವಜಾತ ಶಿಶುವಿನ ಆರೈಕೆ, ರಕ್ತ ಸಂಗ್ರಹ. ಮೊದಲನೆಯದು ಅರಿವಳಿಕೆಯಿಲ್ಲದೆ ಆಗುವುದಿಲ್ಲ. ಎರಡನೆಯದಕ್ಕೂ ಅದರ ನಂಟಿದೆ. ಹುಟ್ಟಿದ ಮಗುವಿನ ಉಸಿರು, ಬಣ್ಣ, ಚಲನೆಗಳಿಗೆ ಅಂಕ ಕೊಡುವ ಪದ್ಧತಿಯನ್ನು ಜಗತ್ತಿಗೆ ಕೊಟ್ಟ ವರ್ಜೀನಿಯಾ ಅಪ್ಗಾರ್ ಅರಿವಳಿಕೆ ತಜ್ಞೆಯೇ.

ಇಲ್ಲಿ ಕಲಿಯುವವರ ಕೈಗೆ ಹೆಚ್ಚು ಬರುವುದು ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆ. ಸೊಂಟದ ಮೂರು-ನಾಲ್ಕನೆಯ ಕಶೇರುಗಳ ನಡುವೆ ಕೂದಲೆಳೆಯಂಥ ಸೂಜಿ ಇಳಿಸಿ, ಬೆನ್ನುಹುರಿಯ ಸುತ್ತಲಿನ ನೀರು ತೊಟ್ಟಿಕ್ಕಿದ್ದು ನೋಡಿ, ಸುಮಾರು 2 ಮಿ.ಲೀ. ಮರಗಟ್ಟಿಸುವ ಔಷಧ ಬುಪಿವಕೇನ್ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಕಾಲು ಭಾರವಾಗುತ್ತದೆ. ಅದರ ಹಿಂದೆಯೇ ರಕ್ತದೊತ್ತಡ ಇಳಿಯುತ್ತದೆ. ಅಂಗಾತ ಮಲಗಿದ ಗರ್ಭಿಣಿಯ ಹೊಟ್ಟೆಯ ಭಾರ ದೊಡ್ಡ ರಕ್ತನಾಳಗಳನ್ನು ಒತ್ತುವುದರಿಂದ ಇಳಿತ ಇನ್ನೂ ಜೋರು. ಅದಕ್ಕೇ ಬಲಸೊಂಟದ ಕೆಳಗೆ ಒಂದು ಸುತ್ತಿದ ಬಟ್ಟೆ ಇಟ್ಟು ಎಡಕ್ಕೆ ಓರೆಯಾಗಿಸುತ್ತಾರೆ. ಒತ್ತಡ ಏರಿಸುವ ಮೆಫೆಂಟರ್ಮಿನ್ ಅಥವಾ ಎಫಿಡ್ರಿನ್ ಸಿರಿಂಜಿನಲ್ಲಿ ಮೊದಲೇ ತುಂಬಿಟ್ಟಿರುತ್ತಾರೆ. ಕಾಲೇಜಿನಲ್ಲಿ ಒತ್ತಡ ಇಳಿದಾಗ ನಾಲ್ಕು ಜನ ಓಡಿಬರುತ್ತಾರೆ. ಇಲ್ಲಿ ಸಿರಿಂಜು ತುಂಬಿಡದಿದ್ದರೆ ತುಂಬಿಕೊಡಲು ಇನ್ನೊಬ್ಬರಿರುವುದಿಲ್ಲ. ಈ ಮುಂದಾಲೋಚನೆ ಅಭ್ಯಾಸವಾಗಿ ಮೈಗೆ ಹತ್ತುವುದು ತಾಲ್ಲೂಕಿನಲ್ಲಿ.

ಭಾಷೆಯನ್ನೂ ಇಲ್ಲೇ ಕಲಿಯಬೇಕು. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ಬಿಹಾರ, ರಾಜಸ್ಥಾನ, ಕೇರಳದಿಂದ ಬಂದವರೂ ‘ಬೆನ್ನು ಬಾಗಿಸಿ’, ‘ಅಲ್ಲಾಡಬೇಡಿ’, ‘ಕಾಲೆತ್ತಿ ನೋಡೋಣ’ ಎನ್ನಲು ಕಲಿಯುತ್ತಾರೆ. ಅದಕ್ಕಿಂತ ಸೂಕ್ಷ್ಮವಾದದ್ದು ಹೊಟ್ಟೆ ಖಾಲಿಯಿದೆಯೇ ಎಂಬ ಪ್ರಶ್ನೆ. ‘ಏನಾದ್ರೂ ತಿಂದ್ರಾ ಅವ್ವಾ?’ ಎಂದು ಕೇಳಿದರೆ ‘ಇಲ್ಲ ಡಾಕ್ಟ್ರೇ, ಏನೂ ತಿಂದಿಲ್ಲ’ ಎಂಬ ಉತ್ತರ ಬರುತ್ತದೆ, ಅದು ಸತ್ಯವೂ ಹೌದು. ಕಾಫಿ ತಿನ್ನುವಂಥದ್ದಲ್ಲವಲ್ಲ! ‘ಕಾಫಿ, ಹಾಲು ಏನಾದ್ರೂ ಕುಡಿದ್ರಾ?’ ಎಂದು ಬೇರೆಯಾಗಿ ಕೇಳಿದಾಗಲೇ ಬೆಳಗಿನ ಲೋಟ ಹೊರಬರುವುದು. ಬರೀ ನೀರಿಗೆ ಎರಡು ಗಂಟೆಯ ಅಂತರ ಸಾಕು. ಹಾಲು ಬೆರೆತ ಕಾಫಿಗೆ ಆರು ಗಂಟೆ ಬೇಕು. ಹೊಟ್ಟೆಯಲ್ಲಿದ್ದದ್ದು ಪ್ರಜ್ಞೆಯಿಲ್ಲದಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಒಂದು ಕ್ರಿಯಾಪದದ ಮೇಲೆ ಇಷ್ಟೆಲ್ಲ ನಿಂತಿದೆ.

ಅರಕಲಗೂಡಿನ ತಂಬಾಕು, ಶುಂಠಿ, ಆಲೂಗೆಡ್ಡೆ ಬೆಳೆಯುವ ಸೀಮೆಯಲ್ಲಿ, ಹೊಳೆನರಸೀಪುರದ ಗದ್ದೆ ಬಯಲಿನಲ್ಲಿ ತುರ್ತು ವಿಭಾಗಕ್ಕೆ ಬರುವ ತೀವ್ರನಿಗಾ ಕೇಸುಗಳಿಗೆ ಎರಡು ಮುಖ್ಯ ಮೂಲಗಳಿವೆ. ಒಂದು ಕೀಟನಾಶಕ. ಆರ್ಗನೋಫಾಸ್ಫರಸ್ ವಿಷ ಕುಡಿದವರ ಬಾಯಲ್ಲಿ ಜೊಲ್ಲು, ಎದೆಯಲ್ಲಿ ಗೊರಗೊರ, ಕಣ್ಣಪಾಪೆ ಸೂಜಿಮೊನೆಯಷ್ಟು. ಅದಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಟ್ಟು, ಐದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು, ಎದೆ ಒಣಗುವವರೆಗೆ ಪ್ರಮಾಣವನ್ನು ಇಮ್ಮಡಿಗೊಳಿಸುತ್ತ ಹೋಗಬೇಕು. ಮೊದಲ ಸಲ ಇದನ್ನು ಮಾಡುವವರಿಗೆ ಅಷ್ಟೊಂದು ಕೊಡಲು ಕೈ ನಡುಗುತ್ತದೆ. ದಿನ ಕಳೆದು, ಗುಣವಾಯಿತು ಎನ್ನುವಾಗ ಕತ್ತಿನ ಸ್ನಾಯು ಸೋತು ಉಸಿರು ಕೈಕೊಡುವುದೂ ಉಂಟು. ‘ತಲೆ ಎತ್ತಿ ನೋಡೋಣ’ ಎಂದು ಪಾಳಿ ಪಾಳಿಗೂ ಕೇಳುವುದು ಅದಕ್ಕೇ.

ಇನ್ನೊಂದು ಹಾವು. ಕೊಳಕುಮಂಡಲದ ಕಡಿತ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ನಾಗರ, ಕಟ್ಟುಹಾವಿನ ವಿಷ ಉಸಿರಿನ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ಕಟ್ಟುಹಾವು ರಾತ್ರಿ ಮಲಗಿದ್ದಲ್ಲೇ ಕಚ್ಚಬಹುದು, ಗುರುತೂ ಕಾಣದು, ರೆಪ್ಪೆ ಬಿಡಲಾಗದೆ ಬೆಳಿಗ್ಗೆ ಆಸ್ಪತ್ರೆಗೆ ಬರುತ್ತಾರೆ. ಪ್ರತಿವಿಷದ ಜೊತೆಗೆ ಆ ರೋಗಿಗೆ ಬೇಕಾಗುವುದು ಗಂಟಲಿಗೆ ಟ್ಯೂಬು ಮತ್ತು ಚೀಲ ಒತ್ತುವ ಕೈ. ಯಂತ್ರವಿಲ್ಲದಿದ್ದರೂ, ಉಸಿರು ಕೊಡುತ್ತಿದ್ದರೆ ಆತ ಬದುಕುತ್ತಾನೆ. ಇಡೀ ತೀವ್ರನಿಗಾ ಶಾಸ್ತ್ರದಲ್ಲಿ ಇಷ್ಟು ನೇರವಾದ ಫಲ ಕಡಿಮೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು.

ಚನ್ನರಾಯಪಟ್ಟಣದ ಕೇಸುಗಳಿಗೆ ಹೆದ್ದಾರಿಯ ಛಾಯೆಯಿದೆ, ತೆಂಗಿನ ತೋಟಗಳದ್ದೂ ಇದೆ. ವಾಹನಕ್ಕೆ ಸಿಕ್ಕವರು, ಮರದಿಂದ ಬಿದ್ದವರು ಬಂದಾಗ ಕತ್ತು ಅಲುಗದಂತೆ ಹಿಡಿದು ಟ್ಯೂಬು ಹಾಕುವುದನ್ನು ಕಲಿಯಲು ಒಳ್ಳೆಯ ಗುರು ಬೇಕು, ಮತ್ತು ಆ ಗುರು ರಾತ್ರಿ ಎರಡು ಗಂಟೆಗೂ ಸಿಗಬೇಕು.

2025ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನದಿಂದ ಹಠಾತ್ ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದು ರಾಜ್ಯವೇ ಗಾಬರಿಯಾಯಿತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ನೇಮಿಸಿದ ಸಮಿತಿ ಜುಲೈನಲ್ಲಿ ವರದಿ ಕೊಟ್ಟು, ಅಸಹಜ ಏರಿಕೆ ಕಂಡುಬಂದಿಲ್ಲವೆಂದಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಜಯದೇವ ಸಂಸ್ಥೆಯ ತಜ್ಞರ ಸಲಹೆ ಪಡೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುವ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆ ಅಷ್ಟರಲ್ಲೇ ಆರಂಭವಾಗಿತ್ತು. ತರಬೇತಿಗೆ ಬಂದವರು ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಚಾರ್ಜ್ ಆಗಿದೆಯೇ ಎಂದು ಪಾಳಿಯ ಆರಂಭದಲ್ಲೇ ನೋಡುವ ಅಭ್ಯಾಸಕ್ಕೆ ಇಂಥ ಊರುಗಳಲ್ಲಿ ಬೆಲೆ ತಿಳಿಯುತ್ತದೆ.

ಕಳಿಸುವ ವಿದ್ಯೆ

ರೋಗಿಯನ್ನು ಕಳಿಸುವುದೂ ಒಂದು ಚಿಕಿತ್ಸೆ, ಮತ್ತು ಅದನ್ನು ಕಲಿಸುವ ಪಠ್ಯ ಕಡಿಮೆ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಓಡತೊಡಗಿದ 108 ‘ಆರೋಗ್ಯ ಕವಚ’ ವಾಹನ ಬಾಗಿಲಿಗೆ ಬರುತ್ತದೆ, ಸರಿ. ಒಳಗಿನ ಆಮ್ಲಜನಕ ಸಾಕೇ? ಸಣ್ಣ ‘ಬಿ’ ಸಿಲಿಂಡರಿನಲ್ಲಿ ತುಂಬಿದಾಗ ಇರುವುದು ಸುಮಾರು 1,500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಹೋದರೆ 150 ನಿಮಿಷ. ಮುಳ್ಳು ಅರ್ಧಕ್ಕಿದ್ದರೆ 75. ಹೊಳೆನರಸೀಪುರದಿಂದ ಹಾಸನಕ್ಕೆ ಅದು ಸಾಕು. ಹಾಸನದಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಬೆಂಗಳೂರಿಗೆ ಸುಮಾರು 185, ಅಲ್ಲಿಗೆ ಸಾಲದು. ಈ ಗುಣಾಕಾರ-ಭಾಗಾಕಾರವನ್ನು ವಾಹನ ಹೊರಡುವ ಮೊದಲೇ ಮಾಡಬೇಕು. ದಾರಿಯಲ್ಲಿ ಟ್ಯೂಬು ಹಾಕುವುದು ಬಲು ಕಷ್ಟ. ಹಾಕಬೇಕಾಗಬಹುದು ಎನಿಸಿದರೆ ಹೊರಡುವ ಮೊದಲೇ ಹಾಕಿ, ಅಂಟುಪಟ್ಟಿಯಿಂದ ಭದ್ರಪಡಿಸಬೇಕು. ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆ ಇದೆಯೇ ಕೇಳಬೇಕು. ಕೊಟ್ಟ ಔಷಧ, ಕೊಟ್ಟ ಹೊತ್ತು ಚೀಟಿಯಲ್ಲಿರಬೇಕು. ಮನೆಯವರಿಗೆ ಯಾಕೆ ಕಳಿಸುತ್ತಿದ್ದೇವೆಂದು ಅವರ ಮಾತಿನಲ್ಲೇ ಹೇಳಬೇಕು. ‘ಇಲ್ಲಿ ಆಗಲ್ಲ, ತಗೊಂಡೋಗಿ’ ಎಂಬ ಒಂದು ವಾಕ್ಯ ಒಂದು ಕುಟುಂಬಕ್ಕೆ ಜೀವಮಾನವಿಡೀ ನೆನಪಿರುತ್ತದೆ.

ಆಮ್ಲಜನಕದ ಲೆಕ್ಕ ಎಂಥದ್ದೆಂದು ನಾಡಿಗೇ ಗೊತ್ತಾದದ್ದು ಕೋವಿಡ್ ಕಾಲದಲ್ಲಿ. 2021ರ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ರೋಗಿಗಳು ಒಬ್ಬರ ಹಿಂದೊಬ್ಬರು ಸತ್ತರು. ಆಗ ಹೇಳಿದ ಸಂಖ್ಯೆ 24. ಕೋವಿಡಿನ ಆ ಎರಡು ವರ್ಷಗಳಲ್ಲಿ ರಾಜ್ಯದ ಅರಿವಳಿಕೆ ವಿಭಾಗಗಳೇ ಐಸಿಯುಗಳ ಬೆನ್ನೆಲುಬಾದವು. ಉತ್ಪಾದನಾ ಘಟಕಗಳು, ಪೈಪುಗಳು, ವೆಂಟಿಲೇಟರುಗಳು ತಾಲ್ಲೂಕುಗಳಿಗೂ ಬಂದವು. 2021ರಲ್ಲಿ ಶುರುವಾದ ಹತ್ತು ಹಾಸಿಗೆಯ ಐಸಿಯು ಯೋಜನೆ, ದೂರದ ತಜ್ಞರು ಪರದೆಯ ಮೇಲೆ ಸಲಹೆ ಕೊಡುವ ಟೆಲಿ-ಐಸಿಯು ವ್ಯವಸ್ಥೆಗಳು ಕರ್ನಾಟಕದಲ್ಲೂ ಬೇರೂರಿದವು. ಯಂತ್ರ ಒಂದೇ ಆದೇಶದಲ್ಲಿ ಬರುತ್ತದೆ, ಅದನ್ನು ನಡೆಸುವ ಕೈ ತಯಾರಾಗಲು ಮೂರು ವರ್ಷ ಬೇಕು. ವೆಂಟಿಲೇಟರಿನ ಮೇಲಿನ ಹೊದಿಕೆ ತೆಗೆಯದ ಐಸಿಯು ಕೊಠಡಿಗೆ ಹೆಸರು ಮಾತ್ರ ಐಸಿಯು.

ಈ ತರಬೇತಿಯ ದೊಡ್ಡ ತೊಡಕು ಕಲಿಯುವವರನ್ನು ದುಡಿಮೆಯ ಕೊರತೆ ತುಂಬುವ ಕೈಗಳೆಂದು ಕಾಣುವುದು. ಮೂರು ತಿಂಗಳಿಗೆ ಬಂದ ಪಿಜಿಯನ್ನು ಒಂಟಿಯಾಗಿ ರಾತ್ರಿ ಒಟಿಗೆ ಬಿಟ್ಟರೆ ಅದನ್ನು ತರಬೇತಿ ಎನ್ನಲಾಗದು; ನಿಯಮವೂ ಅವರು ಅಲ್ಲಿನ ತಜ್ಞರ ಮೇಲ್ವಿಚಾರಣೆಯಲ್ಲೇ ಇರಬೇಕೆನ್ನುತ್ತದೆ. ಆದರೆ ತಾಲ್ಲೂಕಿನ ತಜ್ಞರೂ ಒಬ್ಬರೇ ಇದ್ದು, ಇಡೀ ತಿಂಗಳ ರಾತ್ರಿಗಳನ್ನು ಹೊತ್ತು ಬಳಲಿದ್ದರೆ ಅವರು ಯಾವಾಗ ಕಲಿಸಿಯಾರು? ಒಂದು ಆಸ್ಪತ್ರೆಗೆ ಇಬ್ಬರು ಅರಿವಳಿಕೆ ವೈದ್ಯರು ಎಂಬುದು ಚಿಕಿತ್ಸೆಗೆ ಎಷ್ಟು ಅಗತ್ಯವೋ ಕಲಿಕೆಗೂ ಅಷ್ಟೇ ಅಗತ್ಯ.

ಇನ್ನೊಂದು ಕೊರತೆ ದುಡ್ಡಿಲ್ಲದೆಯೂ ತುಂಬುವಂಥದ್ದು. ತಾಲ್ಲೂಕಿನಿಂದ ಕಳಿಸಿದ ರೋಗಿ ಏನಾದರು ಎಂಬುದು ಕಳಿಸಿದವರಿಗೆ ಗೊತ್ತಾಗಬೇಕು. ಮರುದಿನ ಬೆಳಿಗ್ಗೆಯ ರೌಂಡ್ಸ್ ಮುಗಿದ ಮೇಲೆ ಹಾಸನದ ಐಸಿಯುವಿನಿಂದ ಹೊಳೆನರಸೀಪುರಕ್ಕೋ ಅರಕಲಗೂಡಿಗೋ ಒಂದು ಫೋನ್: ಟ್ಯೂಬು ಸರಿಯಾದ ಜಾಗದಲ್ಲಿತ್ತು, ಅಟ್ರೋಪಿನ್ ಇನ್ನಷ್ಟು ಬೇಕಿತ್ತು, ನೀವು ಕಳಿಸಿದ ಬಾಣಂತಿ ಎದ್ದು ಕೂತು ಮಗುವಿಗೆ ಹಾಲೂಡಿಸಿದರು. ರಾತ್ರಿಯಿಡೀ ನಿದ್ದೆಗೆಟ್ಟ ಆ ಕಿರಿಯ ವೈದ್ಯೆ ಅಷ್ಟರಲ್ಲಿ ಮುಂದಿನ ಕೇಸಿಗೆ ಸಿರಿಂಜು ತುಂಬಿಡುತ್ತಿರುತ್ತಾರೆ.